ಪುಲ್ಮನ್‌ಗೆ ಸಿಗದ ಪಾಲು

2023ರ ಆಗಸ್ಟ್ 4, ಶುಕ್ರವಾರ. ಅಮೆರಿಕದ ಪಶ್ಚಿಮ ಭಾಗದ ಒಂಬತ್ತು ವಿಶ್ವವಿದ್ಯಾಲಯಗಳ ಅಧ್ಯಕ್ಷರು ಅಂದು ಬೆಳಿಗ್ಗೆ ಒಂದು ಕರಾರಿಗೆ ಸಹಿ ಹಾಕಬೇಕಿತ್ತು. ಸಹಿ ಬಿದ್ದಿದ್ದರೆ ಅವರೆಲ್ಲರ ಫುಟ್‌ಬಾಲ್ ಪಂದ್ಯಗಳನ್ನು ಟೆಲಿವಿಷನ್‌ಗೆ ಮಾರುವ ಹಕ್ಕು ಒಟ್ಟಾಗಿ ಉಳಿಯುತ್ತಿತ್ತು. ಸಹಿ ಬೀಳಲಿಲ್ಲ. ಅಂದು ಕತ್ತಲಾಗುವಷ್ಟರಲ್ಲಿ ಐದು ವಿಶ್ವವಿದ್ಯಾಲಯಗಳು ಒಕ್ಕೂಟ ಬಿಟ್ಟು ಹೊರಡುವುದು ಖಚಿತವಾಗಿತ್ತು. ತಿಂಗಳು ತುಂಬುವ ಮೊದಲೇ ಇನ್ನೆರಡು ಹೊರಟವು. ಪ್ಯಾಕ್-12 ಎಂದು ಹೆಸರಾದ ಆ ಒಕ್ಕೂಟದ ಹನ್ನೆರಡು ಸದಸ್ಯರಲ್ಲಿ ಕೊನೆಗೆ ಉಳಿದವು ಎರಡೇ: ಪುಲ್ಮನ್ ಎಂಬ ಪುಟ್ಟ ಊರಿನ ವಾಷಿಂಗ್ಟನ್ ಸ್ಟೇಟ್, ಕೊರ್ವಾಲಿಸ್ ಎಂಬ ಇನ್ನೊಂದು ಊರಿನ ಆರೆಗಾನ್ ಸ್ಟೇಟ್. ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳು, ಎರಡಕ್ಕೂ ಕೃಷಿ ಶಿಕ್ಷಣದ ಬೇರಿದೆ.

ಈ ಒಕ್ಕೂಟದ ಮೂಲ 1915ರ ಡಿಸೆಂಬರ್‌ನಲ್ಲಿದೆ. ಆಗ ಪೋರ್ಟ್‌ಲೆಂಡ್ ನಗರದ ಹೋಟೆಲೊಂದರಲ್ಲಿ ನಾಲ್ಕು ವಿದ್ಯಾಸಂಸ್ಥೆಗಳು ಸೇರಿ ಅದನ್ನು ಕಟ್ಟಿದ್ದವು. ನಡುವೆ 1959ರಲ್ಲಿ ಒಮ್ಮೆ ಒಡೆದು, ಬೇರೆ ಹೆಸರಿನಲ್ಲಿ ಮತ್ತೆ ಕೂಡಿಕೊಂಡಿತು. ಎರಡು ಮಹಾಯುದ್ಧಗಳನ್ನೂ ಆರ್ಥಿಕ ಕುಸಿತವನ್ನೂ ದಾಟಿ ಬಂದ ಸಂಬಂಧ ಅದು. ಟೆಲಿವಿಷನ್ ಹಕ್ಕಿನ ಬೆಲೆ ಎಷ್ಟು ಎಂಬ ಒಂದು ಪ್ರಶ್ನೆಯ ಮುಂದೆ ಅದು ಕುಸಿಯಿತು. ಹೇಗೆ, ಏಕೆ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ. ಈ ಒಕ್ಕೂಟದಲ್ಲಿದ್ದ ಬರ್ಕ್ಲಿಯಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ, ಅರಿಜೋನಾ ಸ್ಟೇಟ್‌ನಲ್ಲಿ ನಮ್ಮ ನಾಡಿನ ಮಕ್ಕಳೂ ಓದುತ್ತಿದ್ದಾರೆ. ಅವರ ಕ್ಯಾಂಪಸ್ಸಿನಲ್ಲಿ ಶನಿವಾರದ ಗದ್ದಲ ಯಾತಕ್ಕೆಂದು ತಿಳಿಯಬಯಸುವ ತಂದೆ ತಾಯಂದಿರಿಗೂ ಇದು ಉಪಯೋಗವಾದೀತು.

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ನಮ್ಮ ಕಾಲ್ಚೆಂಡಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ತಲೆಗೆ ಹೆಲ್ಮೆಟ್, ಭುಜಕ್ಕೆ ರಕ್ಷಾಕವಚ. ವೃತ್ತಿಪರ ತಂಡಗಳ ಆಟ ಮುಖ್ಯವಾಗಿ ಭಾನುವಾರ, ಕಾಲೇಜು ತಂಡಗಳದ್ದು ಶನಿವಾರ. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಎಷ್ಟು ಜನ ಬರುತ್ತಾರೆಂದು ನಿಮಗೆ ಗೊತ್ತು. ಅಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಆಸನಗಳೇ 1,07,601. ಅನೇಕ ರಾಜ್ಯಗಳಲ್ಲಿ ಸರ್ಕಾರಿ ಬೊಕ್ಕಸಕ್ಕೆ ಸಂಬಂಧಿಸಿದ ನೌಕರರ ಪೈಕಿ ಅತಿ ಹೆಚ್ಚು ಸಂಬಳ ರಾಜ್ಯಪಾಲರಿಗಲ್ಲ, ಕುಲಪತಿಗಳಿಗೂ ಅಲ್ಲ, ಫುಟ್‌ಬಾಲ್ ತರಬೇತುದಾರರಿಗೆ. ಈಜು, ಕುಸ್ತಿ, ಓಟ, ಜಿಮ್ನಾಸ್ಟಿಕ್ಸ್, ಹೆಣ್ಣುಮಕ್ಕಳ ವಾಲಿಬಾಲ್ ಇವೆಲ್ಲ ಬಹುಪಾಲು ನಡೆಯುವುದು ಈ ಒಂದು ಆಟ ತರುವ ದುಡ್ಡಿನಿಂದ.

ಯಾರ ಜೊತೆ ಯಾರು ಆಡಬೇಕೆಂದು ಗೊತ್ತುಮಾಡುವುದು ಕಾನ್ಫರೆನ್ಸ್, ಅಂದರೆ ವಿಶ್ವವಿದ್ಯಾಲಯಗಳ ಒಕ್ಕೂಟ. ರೈಲಿನಲ್ಲಿ ಪ್ರಯಾಣಿಸುತ್ತಿದ್ದ ಕಾಲದಲ್ಲಿ ಹುಟ್ಟಿದ ವ್ಯವಸ್ಥೆಯಾದ್ದರಿಂದ ಅಕ್ಕಪಕ್ಕದವರೇ ಸದಸ್ಯರು. ಯೂಜೀನ್‌ನ ಆರೆಗಾನ್ ವಿಶ್ವವಿದ್ಯಾಲಯಕ್ಕೂ ಕೊರ್ವಾಲಿಸ್‌ನ ಆರೆಗಾನ್ ಸ್ಟೇಟ್‌ಗೂ ರಸ್ತೆಯಲ್ಲಿ ಒಂದು ತಾಸಿನ ದಾರಿ, 1894ರಿಂದ ಆಡುತ್ತ ಬಂದಿದ್ದಾರೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೂ ಪುಲ್ಮನ್‌ನ ವಾಷಿಂಗ್ಟನ್ ಸ್ಟೇಟ್‌ಗೂ 1900ರಿಂದ ಹಣಾಹಣಿ. ಆ ರಾಜ್ಯ ಸೇಬಿಗೆ ಹೆಸರುವಾಸಿಯಾದ್ದರಿಂದ ಪಂದ್ಯಕ್ಕೆ ಆಪಲ್ ಕಪ್ ಎಂದೇ ಹೆಸರು. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ. ಸೋತ ಮನೆಯವರು ವರ್ಷವಿಡೀ ಮಾತು ಕೇಳಬೇಕು. ಟೆಲಿವಿಷನ್ ಕಂಪನಿಗಳು ಕೊಂಡದ್ದು ಈ ಹಟವನ್ನೇ. ಆಟದ ಗುಣಮಟ್ಟ ಬೇಕೆನ್ನುವವರಿಗೆ ಭಾನುವಾರದ ವೃತ್ತಿಪರ ಪಂದ್ಯವಿದೆ. ಶನಿವಾರದ ಆಟದ ಮೌಲ್ಯ ಇರುವುದು ಊರು ಊರುಗಳ ನಡುವಿನ ಈ ಹಳೆಯ ಜಿದ್ದಿನಲ್ಲಿ.

ಕಾಲೇಜು ಫುಟ್‌ಬಾಲ್ ಮೊದಲು ಬಿತ್ತರವಾದದ್ದು ಬಾನುಲಿಯಲ್ಲಿ, 1921ರ ಅಕ್ಟೋಬರ್ 8ರಂದು. ಪಿಟ್ಸ್‌ಬರ್ಗ್‌ನ ಕೆಡಿಕೆಎ ನಿಲಯ ಪಿಟ್ಸ್‌ಬರ್ಗ್ ಮತ್ತು ವೆಸ್ಟ್ ವರ್ಜೀನಿಯಾ ತಂಡಗಳ ಪಂದ್ಯದ ವಿವರಣೆ ಕೊಟ್ಟಿತು. ಟೆಲಿವಿಷನ್ ಬಂದದ್ದು 1939ರಲ್ಲಿ. ಯುದ್ಧ ಮುಗಿದು ಮನೆಮನೆಗೆ ಟಿವಿ ಸೇರುತ್ತಿದ್ದಂತೆ ಕಾಲೇಜುಗಳಿಗೆ ಹೆದರಿಕೆ ಹತ್ತಿತು: ಮನೆಯಲ್ಲೇ ಪಂದ್ಯ ಕಂಡರೆ ಟಿಕೆಟ್ ಕೊಳ್ಳುವವರು ಯಾರು? 1951ರಲ್ಲಿ ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಪ್ರಸಾರವನ್ನೆಲ್ಲ ತನ್ನ ಹತೋಟಿಗೆ ತೆಗೆದುಕೊಂಡಿತು. ಶನಿವಾರಕ್ಕೆ ಇಷ್ಟೇ ಪಂದ್ಯ, ಒಂದು ತಂಡ ಇಷ್ಟೇ ಸಲ ಕಾಣಿಸಿಕೊಳ್ಳಬೇಕು, ಬೆಲೆಯನ್ನು ತಾನೇ ಗೊತ್ತುಮಾಡುತ್ತೇನೆ ಎಂದಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕಟ್ಟಳೆ.

ಈ ಕಟ್ಟಳೆಯಲ್ಲಿ ಅನ್ಯಾಯವೂ ಇತ್ತು. 1981ರಲ್ಲಿ ಒಂದು ವಾರ ಓಕ್ಲಹೋಮ ಮತ್ತು ಲಾಸ್ ಏಂಜಲೀಸ್‌ನ ಯುಎಸ್‌ಸಿ ತಂಡಗಳ ಪಂದ್ಯ ಇನ್ನೂರಕ್ಕೂ ಹೆಚ್ಚು ನಿಲಯಗಳಲ್ಲಿ ಬಂತು. ಅದೇ ವಾರ ಸಿಟಾಡೆಲ್ ಮತ್ತು ಆಪಲಾಚಿಯನ್ ಸ್ಟೇಟ್ ಎಂಬ ಸಣ್ಣ ತಂಡಗಳ ಪಂದ್ಯ ನಾಲ್ಕೇ ನಿಲಯಗಳಲ್ಲಿ ಬಂತು. ನಾಲ್ಕೂ ತಂಡಗಳಿಗೆ ಸಂದ ಹಣ ಒಂದೇ. ಓಕ್ಲಹೋಮದವರಿಗೆ ಹೊಟ್ಟೆ ಉರಿಯದೆ ಇದ್ದೀತೇ? ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದವು. 1984ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ ಏಳು ಎರಡರ ಬಹುಮತದಿಂದ ತೀರ್ಪು ಕೊಟ್ಟಿತು. ಎನ್‌ಸಿಎಎ ಮಾಡುತ್ತಿರುವುದು ವ್ಯಾಪಾರಕ್ಕೆ ಅಡ್ಡಿ, ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಬರೆದರು.

ಭಿನ್ನಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಅವರು ಬರೀ ನ್ಯಾಯಮೂರ್ತಿಯಲ್ಲ. 1930ರ ದಶಕದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಪರವಾಗಿ ಆಡಿ ದೇಶಕ್ಕೆಲ್ಲ ಹೆಸರಾಗಿದ್ದ ಫುಟ್‌ಬಾಲ್ ಆಟಗಾರ. ಕಾಲೇಜು ಕ್ರೀಡೆಯನ್ನು ಕೇವಲ ವ್ಯಾಪಾರವೆಂದು ನೋಡುವುದು ತಪ್ಪು, ಅದು ವಿದ್ಯೆಯ ಅಂಗ, ಆ ಉದ್ದೇಶಕ್ಕಾಗಿ ಕೆಲವು ಕಟ್ಟುಪಾಡು ಇರಲೇಬೇಕು ಎಂಬುದು ಅವರ ವಾದದ ತಿರುಳು. ಸ್ಟೀವನ್ಸ್ ಅವರ ತೀರ್ಪು ಕಾನೂನಿನ ಪ್ರಕಾರ ಸರಿಯಿರಬಹುದು. ಆದರೆ ಆಟವನ್ನು ಒಳಗಿನಿಂದ ಬಲ್ಲವರು ವೈಟ್, ಮುಂದಾಗುವುದನ್ನು ಕಂಡವರೂ ಅವರೇ ಎಂದು ನನಗನ್ನಿಸುತ್ತದೆ.

ಇಲ್ಲಿ ಇನ್ನೊಂದು ಕಾನೂನಿನ ವಿಷಯ ಹೇಳಬೇಕು, ಏಕೆಂದರೆ ಇಡೀ ಕಥೆಯ ಗುಟ್ಟು ಅದರಲ್ಲಿದೆ. ವೃತ್ತಿಪರ ಫುಟ್‌ಬಾಲ್‌ನ ಎನ್‌ಎಫ್‌ಎಲ್‌ಗೂ ಇದೇ ಸ್ಪರ್ಧಾ ಕಾನೂನು ಅಡ್ಡ ಬಂದಿತ್ತು. ಅದರ ಮುಖ್ಯಸ್ಥ ಪೀಟ್ ರೋಜೆಲ್ ಸಂಸತ್ತಿಗೇ ಹೋದರು. 1961ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕ್ರೀಡಾ ಪ್ರಸಾರ ಕಾನೂನು ವೃತ್ತಿಪರ ಲೀಗುಗಳಿಗೆ ವಿನಾಯಿತಿ ಕೊಟ್ಟಿತು: ಎಲ್ಲ ತಂಡಗಳ ಹಕ್ಕನ್ನು ಒಟ್ಟಾಗಿ ಮಾರಬಹುದು, ಬಂದದ್ದನ್ನು ಹಂಚಿಕೊಳ್ಳಬಹುದು. ನ್ಯೂಯಾರ್ಕ್ ಜಯಂಟ್ಸ್ ತಂಡದ ಒಡೆಯರಾದ ಮಾರಾ ಕುಟುಂಬದವರು ಸಮಪಾಲಿಗೆ ಒಪ್ಪಿದರು. ಅತಿ ದೊಡ್ಡ ನಗರದ ತಂಡ ಅವರದ್ದು, ಕಳೆದುಕೊಳ್ಳುವುದು ಅವರಿಗೇ ಹೆಚ್ಚು. ಆದರೂ ಒಪ್ಪಿದರು. ಅದರಿಂದಲೇ ಸುಮಾರು ಒಂದು ಲಕ್ಷ ಜನರಿರುವ ಗ್ರೀನ್ ಬೇ ಎಂಬ ಊರಿನ ತಂಡ ಇಂದಿಗೂ ಬದುಕಿದೆ, ಬದುಕಿರುವುದಷ್ಟೇ ಅಲ್ಲ, ಗೆಲ್ಲುತ್ತಿದೆ. ಲೀಗಿನ ಒಟ್ಟು ಗಳಿಕೆಯಿಂದ ಆ ತಂಡಕ್ಕೆ ಈಗ ವರ್ಷಕ್ಕೆ ಬರುವ ಪಾಲು 40 ಕೋಟಿ ಡಾಲರಿಗೂ ಹೆಚ್ಚು. ನ್ಯೂಯಾರ್ಕಿಗೆ ಎಷ್ಟೋ ಗ್ರೀನ್ ಬೇಗೂ ಅಷ್ಟೇ.

ಆ ವಿನಾಯಿತಿ ಕಾಲೇಜುಗಳಿಗೆ ಇಲ್ಲ. 1984ರ ತೀರ್ಪಿನ ನಂತರ ದೇಶದ ಎಲ್ಲ ಕಾಲೇಜುಗಳು ಕೂಡಿ ಮಾರುವ ದಾರಿ ಮುಚ್ಚಿತು. ಕೆಲವು ವರ್ಷ ದೊಡ್ಡ ಕಾಲೇಜುಗಳ ಇನ್ನೊಂದು ಕೂಟ ಪ್ರಯತ್ನಪಟ್ಟಿತು. 1990ರಲ್ಲಿ ನೋಟರ್‌ಡೇಮ್ ವಿಶ್ವವಿದ್ಯಾಲಯ ಎನ್‌ಬಿಸಿ ಟಿವಿ ಕಂಪನಿಯ ಜೊತೆ ತನ್ನದೇ ಒಪ್ಪಂದ ಮಾಡಿಕೊಂಡು ಹೊರಬಂದಾಗ ಅದೂ ಸಡಿಲವಾಯಿತು. ಉಳಿದದ್ದು ಕಾನ್ಫರೆನ್ಸ್ ಮಾತ್ರ. ಪಂದ್ಯಗಳ ವೇಳಾಪಟ್ಟಿ ಮಾಡಲು ಹುಟ್ಟಿದ ನೆರೆಹೊರೆಯ ಒಕ್ಕೂಟ ಅಂದಿನಿಂದ ಸರಕು ಮಾರುವ ಸಂಸ್ಥೆಯಾಯಿತು. ಆಗ್ನೇಯ ರಾಜ್ಯಗಳ ಎಸ್‌ಇಸಿ ಎರಡು ಹೊಸ ಸದಸ್ಯರನ್ನು ಸೇರಿಸಿಕೊಂಡು, ತನ್ನನ್ನು ಎರಡು ವಿಭಾಗ ಮಾಡಿಕೊಂಡು, 1992ರಲ್ಲಿ ಫೈನಲ್ ಪಂದ್ಯವೊಂದನ್ನು ಆರಂಭಿಸಿತು. ಮಾರಲು ಒಂದು ದೊಡ್ಡ ಪಂದ್ಯ ಹೆಚ್ಚಾಯಿತು. ಟೆಕ್ಸಸ್ ಸುತ್ತಲಿನ, 1914ರಲ್ಲಿ ಹುಟ್ಟಿದ ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಮುಚ್ಚಿತು; ನಾಲ್ಕು ಸದಸ್ಯರು ಬಿಗ್ 12 ಎಂಬ ಒಕ್ಕೂಟಕ್ಕೆ ಹೋದರು, ಉಳಿದವರು ದಿಕ್ಕಾಪಾಲಾದರು. ಪುಲ್ಮನ್‌ನ ಕಥೆ ಅಲ್ಲೇ ಒಮ್ಮೆ ನಡೆದುಹೋಗಿತ್ತು. ಪಶ್ಚಿಮದವರು ಅದನ್ನು ದೂರದ ಸುದ್ದಿಯೆಂದು ಓದಿ ಮರೆತರು.

ಬೆಲೆ ಕಟ್ಟುವ ಲೆಕ್ಕ ಹೇಗೆಂದು ನೋಡೋಣ. ಒಂದು ಒಕ್ಕೂಟದಲ್ಲಿ ಹತ್ತು ಸದಸ್ಯರು, ಒಟ್ಟು 30 ಕೋಟಿ ಡಾಲರ್ ಎಂದುಕೊಳ್ಳಿ. ತಲಾ 3 ಕೋಟಿ. ಹನ್ನೊಂದನೆಯವರು ಬಂದು ಒಟ್ಟಿಗೆ 2 ಕೋಟಿ ಸೇರಿಸಿದರೆ ತಲಾ ಪಾಲು 2 ಕೋಟಿ 91 ಲಕ್ಷಕ್ಕೆ ಇಳಿಯುತ್ತದೆ. ಬಂದವರು ಒಳ್ಳೆಯವರೇ, ಆಟವೂ ಚೆನ್ನ, ಓದೂ ಚೆನ್ನ. ಆದರೆ ಹಳಬರ ಪಾಲು ಕಡಿಮೆಯಾಯಿತು. ಆದ್ದರಿಂದ ಸರಾಸರಿಗಿಂತ ಹೆಚ್ಚು ತರುವವರಿಗೆ ಮಾತ್ರ ಬಾಗಿಲು. ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಸರಾಸರಿಗಿಂತ ಕಡಿಮೆ ತರುವ ಹಳೆಯ ಸದಸ್ಯ ಹೊರೆ ಎನ್ನಿಸುತ್ತಾನೆ. ಕೂಡುಕುಟುಂಬದಲ್ಲಿ ಹೆಚ್ಚು ದುಡಿಯುವ ಮಗ ಎಲ್ಲರ ತಟ್ಟೆಯನ್ನೂ ಅಳೆಯಲು ತೊಡಗಿದ ದಿನ ಮನೆ ಪಾಲಾಗುವುದು ಖಾತ್ರಿ.

ಸದಸ್ಯರು ತರುವ ಆ ಮೌಲ್ಯ ಯಾವುದರಿಂದ ಹುಟ್ಟುತ್ತದೆ ಎಂಬುದು ಕಾಲಕಾಲಕ್ಕೆ ಬದಲಾಗಿದೆ. ಕೇಬಲ್ ಟಿವಿಯ ಕಾಲದಲ್ಲಿ ಮುಖ್ಯವಾದದ್ದು ನೋಡುವ ಜನರಲ್ಲ, ಸಂಪರ್ಕ ಇರುವ ಮನೆಗಳು. ಮಧ್ಯ ಪಶ್ಚಿಮದ ಬಿಗ್ ಟೆನ್ ಒಕ್ಕೂಟ 2007ರಲ್ಲಿ ತನ್ನದೇ ಚಾನೆಲ್ ಶುರುಮಾಡಿತು. ಸದಸ್ಯ ವಿಶ್ವವಿದ್ಯಾಲಯ ಇರುವ ರಾಜ್ಯದಲ್ಲಿ ಒಂದು ಕೇಬಲ್ ಸಂಪರ್ಕಕ್ಕೆ ತಿಂಗಳಿಗೆ ಹೆಚ್ಚು ದರ, ಹೊರಗಿನ ರಾಜ್ಯದಲ್ಲಿ ಅದರ ಸಣ್ಣ ಅಂಶ. ಮನೆಯವರು ಪಂದ್ಯ ನೋಡಲಿ ಬಿಡಲಿ, ಬಿಲ್ಲಿನಲ್ಲಿ ಸೇರಿಬಿಡುತ್ತಿತ್ತು. 2014ರಲ್ಲಿ ನ್ಯೂಜೆರ್ಸಿಯ ರಟ್‌ಗರ್ಸ್ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳು ಬಿಗ್ ಟೆನ್ ಸೇರಿದ ಕಾರಣ ಇದು. ಅವರ ಆಟಕ್ಕಿಂತ ಹೆಚ್ಚಾಗಿ, ನ್ಯೂಯಾರ್ಕ್ ಮತ್ತು ರಾಜಧಾನಿ ವಾಷಿಂಗ್ಟನ್ ಸುತ್ತಲಿನ ಲಕ್ಷಾಂತರ ಮನೆಗಳ ಕೇಬಲ್ ಬಿಲ್ಲು ಬೇಕಾಗಿತ್ತು.

ಆಮೇಲೆ ಜನ ಕೇಬಲ್ ಬಿಡತೊಡಗಿದರು. 2011ರ ಹೊತ್ತಿಗೆ ಸುಮಾರು ಹತ್ತು ಕೋಟಿ ಮನೆಗಳಲ್ಲಿದ್ದ ಕ್ರೀಡಾ ಚಾನೆಲ್ ಇಎಸ್‌ಪಿಎನ್ ಈಗ ಏಳು ಕೋಟಿಗಿಂತ ಕೆಳಗಿದೆ. ಸಿನಿಮಾ, ಧಾರಾವಾಹಿಗಳನ್ನು ಜನ ಬೇಕಾದಾಗ ನೋಡುತ್ತಾರೆ. ಆಟವೊಂದನ್ನೇ ನಡೆಯುತ್ತಿರುವಾಗಲೇ, ಜಾಹೀರಾತಿನ ಸಮೇತ ನೋಡುವುದು. ಹಾಗಾಗಿ ಆಟದ ಹಕ್ಕಿನ ಬೆಲೆ ಇಳಿಯಲಿಲ್ಲ, ಇನ್ನೂ ಏರಿತು. ಆದರೆ ದೇಶಾದ್ಯಂತ ಜನ ನೋಡುವ ದೊಡ್ಡ ಹೆಸರುಗಳಿಗೆ ಮಾತ್ರ. ಎಸ್‌ಇಸಿಯ ಶನಿವಾರದ ಮುಖ್ಯ ಪಂದ್ಯಕ್ಕೆ ಸಿಬಿಎಸ್ ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್ ಕೊಡುತ್ತಿತ್ತು. ಅದೇ ಹಕ್ಕಿಗೆ 2024ರಿಂದ ಇಎಸ್‌ಪಿಎನ್ ಕೊಡಲು ಒಪ್ಪಿದ್ದು ಸುಮಾರು 30 ಕೋಟಿ.

2021ರ ಜುಲೈನಲ್ಲಿ ಟೆಕ್ಸಸ್ ಮತ್ತು ಓಕ್ಲಹೋಮ ಬಿಗ್ 12 ಬಿಟ್ಟು ಎಸ್‌ಇಸಿಗೆ ಹೋಗುವುದಾಗಿ ಹೇಳಿದವು. ಮರುವರ್ಷ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಎರಡೂ ಪ್ಯಾಕ್-12 ಬಿಟ್ಟು ಬಿಗ್ ಟೆನ್‌ಗೆ ಹೊರಟವು. ಶಾಂತಸಾಗರದ ದಂಡೆಯಲ್ಲಿರುವ ವಿಶ್ವವಿದ್ಯಾಲಯ ಅಟ್ಲಾಂಟಿಕ್ ದಂಡೆಯ ಹತ್ತಿರದ ರಟ್‌ಗರ್ಸ್ ಜೊತೆ ಒಂದೇ ಒಕ್ಕೂಟದಲ್ಲಿ! ನಡುವೆ ಸುಮಾರು 3,900 ಕಿಲೋಮೀಟರ್. ಎರಡು ತಿಂಗಳೊಳಗೆ ಬಿಗ್ ಟೆನ್ ಒಕ್ಕೂಟವು ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳ ಜೊತೆ ಏಳು ವರ್ಷದ ಒಪ್ಪಂದ ಮಾಡಿಕೊಂಡಿತು. ಅದರ ಮೊತ್ತ 700 ಕೋಟಿ ಡಾಲರಿಗೂ ಮೇಲೆಂದು ವರದಿಯಾಯಿತು.

ಪ್ಯಾಕ್-12 ಆಗಲೂ ಬದುಕಬಹುದಿತ್ತು. ಅದರ ಒಪ್ಪಂದ ಮುಗಿಯುವುದು 2024ರಲ್ಲಿ, ಕಮಿಷನರ್ ಜಾರ್ಜ್ ಕ್ಲಿಯಾವ್‌ಕಾಫ್ ಹೊಸದನ್ನು ಹುಡುಕುತ್ತಿದ್ದರು. ಇಎಸ್‌ಪಿಎನ್ ತಲಾ ಸುಮಾರು 3 ಕೋಟಿ ಡಾಲರ್ ಕೊಡಲು ಮುಂದೆ ಬಂದಿತ್ತೆಂದೂ ವಿಶ್ವವಿದ್ಯಾಲಯಗಳ ಅಧ್ಯಕ್ಷರು 5 ಕೋಟಿ ಕೇಳಿದರೆಂದೂ ಆ ಕಾಲದ ವರದಿಗಳು ಹೇಳುತ್ತವೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗಾಯಿತು. ಅತ್ತ ಬಿಗ್ 12ರ ಕಮಿಷನರ್ ಬ್ರೆಟ್ ಯಾರ್ಮಾರ್ಕ್ ಕಾಯಲಿಲ್ಲ. ತಮ್ಮ ಸರದಿಗೆ ಮೊದಲೇ ಹೋಗಿ 2022ರ ಅಕ್ಟೋಬರ್‌ನಲ್ಲಿ ಆರು ವರ್ಷಕ್ಕೆ ಸುಮಾರು 228 ಕೋಟಿ ಡಾಲರ್ ಒಪ್ಪಂದ ಮುಗಿಸಿಬಿಟ್ಟರು, ತಲಾ 3.17 ಕೋಟಿ. ಮಾರುಕಟ್ಟೆಯಲ್ಲಿದ್ದ ಹಣವೂ ಪ್ರಸಾರದ ವೇಳೆಯೂ ಖರ್ಚಾಗಿ ಹೋದವು.

ಪಶ್ಚಿಮದವರಿಗೆ ಗಡಿಯಾರವೂ ಎದುರಾಗಿತ್ತು. ಸಿಯಾಟಲ್‌ನಲ್ಲಿ ಸಂಜೆ ಏಳೂವರೆಗೆ ಪಂದ್ಯ ಶುರುವಾದರೆ ನ್ಯೂಯಾರ್ಕ್‌ನಲ್ಲಿ ರಾತ್ರಿ ಹತ್ತೂವರೆ. ದೇಶದ ಹೆಚ್ಚು ಜನ ಇರುವುದು ಪೂರ್ವದಲ್ಲಿ, ಅವರು ಮಲಗಿರುತ್ತಾರೆ. 2012ರಲ್ಲಿ ಒಕ್ಕೂಟ ಸ್ಥಾಪಿಸಿದ ಸ್ವಂತ ಚಾನೆಲ್ ಕೂಡ ಕೈಹಿಡಿಯಲಿಲ್ಲ. ಇತರ ಒಕ್ಕೂಟಗಳು ಫಾಕ್ಸ್ ಅಥವಾ ಇಎಸ್‌ಪಿಎನ್ ಜೊತೆಗೂಡಿ ಚಾನೆಲ್ ನಡೆಸಿದರೆ, ಇವರು ಪೂರ್ತಿ ಒಡೆತನ ತಮ್ಮದೇ ಇರಲಿ ಎಂದರು. ಡೈರೆಕ್‌ಟಿವಿ ಎಂಬ ದೊಡ್ಡ ಡಿಟಿಎಚ್ ಕಂಪನಿ ಆ ಚಾನೆಲ್ಲನ್ನು ಕೊನೆಯವರೆಗೂ ತೆಗೆದುಕೊಳ್ಳಲಿಲ್ಲ.

2023ರ ಜುಲೈ 27ರಂದು ಉಳಿದ ಹತ್ತರಲ್ಲಿ ಕೊಲರಾಡೊ ಮೊದಲು ಹೊರಟಿತು, ನ್ಯಾಯಮೂರ್ತಿ ವೈಟ್ ಆಡಿದ್ದ ಅದೇ ಕೊಲರಾಡೊ. ಕೆಲವೇ ದಿನಗಳಲ್ಲಿ ಅಧ್ಯಕ್ಷರ ಮುಂದೆ ಬಂದದ್ದು ಆಪಲ್ ಕಂಪನಿಯ ಪ್ರಸ್ತಾಪ: ತಲಾ ಸುಮಾರು 2.3 ಕೋಟಿ ಡಾಲರ್, ಚಂದಾದಾರರು ಹೆಚ್ಚಿದರೆ ಹೆಚ್ಚು, ಬಹುತೇಕ ಪಂದ್ಯ ಇಂಟರ್‌ನೆಟ್ ಮೂಲಕ. ಆಗಸ್ಟ್ 4ರ ಬೆಳಿಗ್ಗೆ ಸಹಿ ಬೀಳದೆ ಹೋದದ್ದು ಈ ಪ್ರಸ್ತಾಪಕ್ಕೆ. ಆರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿಯ ಕಡೆಗೆ. ಒಳಗೆ ಸೇರಿಸಿಕೊಂಡರೆ ಸಾಕು ಎಂಬ ಸ್ಥಿತಿ: ಆರೆಗಾನ್, ವಾಷಿಂಗ್ಟನ್ ಸುಮಾರು ಅರ್ಧ ಪಾಲಿಗೆ ಒಪ್ಪಿದವು. ಸ್ಟ್ಯಾನ್‌ಫರ್ಡ್, ಬರ್ಕ್ಲಿ ಮೊದಲ ಏಳು ವರ್ಷ ಶೇಕಡಾ ಮೂವತ್ತರ ಪಾಲಿಗೆ ಒಪ್ಪಿದವು. ಅವರ ಜೊತೆ ಎಸಿಸಿ ಸೇರಿದ ಡಲ್ಲಾಸ್‌ನ ಎಸ್‌ಎಂಯು ಒಂಬತ್ತು ವರ್ಷ ಆ ಒಕ್ಕೂಟದ ಟಿವಿ ಹಣವೇ ಬೇಡವೆಂದಿತು.

ಅದೇ ಕೊನೆಯ ವರ್ಷ ಪ್ಯಾಕ್-12ರ ಆಟ ಹೇಗಿತ್ತು ಗೊತ್ತೇ? ವಾಷಿಂಗ್ಟನ್ ತಂಡ ಸತತ ಹದಿನಾಲ್ಕು ಪಂದ್ಯ ಗೆದ್ದು ರಾಷ್ಟ್ರೀಯ ಫೈನಲ್‌ಗೆ ಹೋಯಿತು. ಕೊಲರಾಡೊ ಆರೆಗಾನ್ ನಡುವಿನ ಪಂದ್ಯವನ್ನು ಸುಮಾರು ಒಂದು ಕೋಟಿ ಜನ ನೋಡಿದರು. ಆ ವರ್ಷ ಕೊಲರಾಡೊ ಗೆದ್ದದ್ದು ನಾಲ್ಕೇ ಪಂದ್ಯ! ಡಿಯಾನ್ ಸ್ಯಾಂಡರ್ಸ್ ಎಂಬ ಹೆಸರಾಂತ ಮಾಜಿ ಆಟಗಾರ ತರಬೇತುದಾರರಾಗಿ ಬಂದದ್ದೇ ಸಾಕಾಗಿತ್ತು. ಆರು ತಿಂಗಳು ತಡೆದಿದ್ದರೆ ಆ ಒಕ್ಕೂಟದ ಬೆಲೆ ಬೇರೆಯೇ ಆಗಿರುತ್ತಿತ್ತು. ಟೆಲಿವಿಷನ್ ಮೌಲ್ಯ ಎನ್ನುವುದು ಒಂದು ಋತುವಿನಲ್ಲಿ ಏರಿ ಇಳಿಯುವಂಥದ್ದು. ಅದನ್ನು ನಂಬಿ ನೂರು ವರ್ಷದ ಸಂಬಂಧ ಕಡಿದುಕೊಂಡರು.

ಈಗ ಪುಲ್ಮನ್‌ಗೆ ಬರೋಣ. ವಾಷಿಂಗ್ಟನ್ ರಾಜ್ಯದ ಪೂರ್ವದ ಅಂಚಿನಲ್ಲಿ ಪಲೂಸ್ ಎಂಬ ಅಲೆಅಲೆಯಾದ ಗುಡ್ಡಗಳ ಸೀಮೆಯಿದೆ. ಗೋಧಿ ಮತ್ತು ಚನ್ನಂಗಿ ಬೇಳೆ ಬೆಳೆಯುವ ನೆಲ. ಪ್ರತಿ ಆಗಸ್ಟ್‌ನಲ್ಲಿ ಪುಲ್ಮನ್‌ನಲ್ಲಿ ಬೇಳೆಯದೇ ಒಂದು ಹಬ್ಬ ನಡೆಯುತ್ತದೆ. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 33 ಸಾವಿರ. ಕ್ರೀಡಾಂಗಣದಲ್ಲಿ ಕೂರುವವರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಪಂದ್ಯದ ದಿನ ಸುತ್ತಲಿನ ರೈತರು, ದೂರದ ನಗರಗಳಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ಮೈಲಿಗಟ್ಟಲೆ ಕಾರು ಓಡಿಸಿಕೊಂಡು ಬರುತ್ತಾರೆ. ಹೋಟೆಲು, ಅಂಗಡಿ, ಪೆಟ್ರೋಲ್ ಬಂಕುಗಳಿಗೆ ವರ್ಷದ ವ್ಯಾಪಾರದ ದೊಡ್ಡ ಭಾಗ ಆ ಆರೇಳು ಶನಿವಾರಗಳದ್ದು.

ಈ ಊರಿನವರಿಗೆ ಟೆಲಿವಿಷನ್ ಜೊತೆ ಒಂದು ವಿಶೇಷವಾದ ನಂಟಿದೆ. ಇಎಸ್‌ಪಿಎನ್ ಪ್ರತಿ ಶನಿವಾರ ಬೆಳಿಗ್ಗೆ ಕಾಲೇಜ್ ಗೇಮ್‌ಡೇ ಎಂಬ ಕಾರ್ಯಕ್ರಮವನ್ನು ಆ ವಾರದ ದೊಡ್ಡ ಪಂದ್ಯ ನಡೆಯುವ ಕ್ಯಾಂಪಸ್ಸಿನಿಂದ ನೇರವಾಗಿ ಬಿತ್ತರಿಸುತ್ತದೆ. ಅದರ ಹಿನ್ನೆಲೆಯಲ್ಲಿ 2003ರ ಅಕ್ಟೋಬರ್‌ನಿಂದ ವಾರ ತಪ್ಪದೆ ಒಂದು ಕಡುಗೆಂಪು ಧ್ವಜ ಹಾರುತ್ತಿರುತ್ತದೆ, ವಾಷಿಂಗ್ಟನ್ ಸ್ಟೇಟ್‌ನದು. ಕಾರ್ಯಕ್ರಮ ಅಲಬಾಮದಲ್ಲಿರಲಿ, ಒಹಾಯೊದಲ್ಲಿರಲಿ, ಅಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿ ಯಾರಾದರೂ ಧ್ವಜವನ್ನು ಅಂಚೆಯಲ್ಲಿ ತರಿಸಿಕೊಂಡು, ಬೆಳಕು ಹರಿಯುವ ಮುನ್ನ ಎದ್ದು ಹೋಗಿ, ಕ್ಯಾಮೆರಾಕ್ಕೆ ಕಾಣುವ ಜಾಗ ಹಿಡಿದು, ಉದ್ದನೆಯ ಕೋಲಿಗೆ ಕಟ್ಟಿ ಗಂಟೆಗಟ್ಟಲೆ ಬೀಸುತ್ತಾರೆ. ಯಾರೂ ಸಂಬಳ ಕೊಡುವುದಿಲ್ಲ, ಬಹುತೇಕ ಸಲ ತಮ್ಮ ತಂಡ ಅಲ್ಲಿ ಆಡುತ್ತಲೂ ಇರುವುದಿಲ್ಲ. ಇಂಥ ಪ್ರೀತಿಯಿಂದಲೇ ಆ ಕಾರ್ಯಕ್ರಮಕ್ಕೆ ಬಣ್ಣ ಬಂದದ್ದು, ಬಣ್ಣದಿಂದಲೇ ಜಾಹೀರಾತಿಗೆ ಬೆಲೆ ಬಂದದ್ದು. ಮೌಲ್ಯ ಕಟ್ಟುವ ದಿನ ಮಾತ್ರ ಪುಲ್ಮನ್ ಸಣ್ಣ ಮಾರುಕಟ್ಟೆ ಎಂಬ ಒಂದು ಮಾತಿನಲ್ಲಿ ಮುಗಿಯಿತು. ನನಗೆ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ನೋವು ಕೊಡುವ ವಿಷಯ ಇದು.

ಕೊರ್ವಾಲಿಸ್‌ನದೂ ಅಷ್ಟೇ ಕಷ್ಟ. 16 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ ನವೀಕರಿಸಿದ ಕ್ರೀಡಾಂಗಣದ ಬಾಗಿಲು ತೆರೆದದ್ದು ಅದೇ 2023ರಲ್ಲಿ. ಉಳಿದ ಈ ಇಬ್ಬರು ಕೈಕಟ್ಟಿ ಕೂರಲಿಲ್ಲ. ಒಕ್ಕೂಟದ ಆಸ್ತಿಯೂ ಆಡಳಿತವೂ ಬಿಟ್ಟುಹೋದವರ ಮತಕ್ಕೆ ಸೇರಬಾರದೆಂದು ಪುಲ್ಮನ್ ಇರುವ ವಿಟ್ಮನ್ ಕೌಂಟಿಯ ನ್ಯಾಯಾಲಯದಲ್ಲಿ ದಾವೆ ಹೂಡಿ ತಡೆಯಾಜ್ಞೆ ಪಡೆದರು. ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ, ಇವರ ಗೆಲುವು ಉಳಿಯಿತು. 2024ರಲ್ಲಿ ಆಡಲು ಎದುರಾಳಿಗಳೇ ಇಲ್ಲದೆ, ಮೌಂಟನ್ ವೆಸ್ಟ್ ಎಂಬ ಬೇರೊಂದು ಒಕ್ಕೂಟಕ್ಕೆ 1.4 ಕೋಟಿ ಡಾಲರ್ ಕೊಟ್ಟು ಪಂದ್ಯಗಳನ್ನು ಗೊತ್ತುಮಾಡಿಕೊಂಡರು.

ಫುಟ್‌ಬಾಲ್ ತಂಡವಾದರೂ ವಾರಕ್ಕೊಮ್ಮೆ ವಿಶೇಷ ವಿಮಾನದಲ್ಲಿ ಹೋಗಿ ಬರುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಉಳಿದ ಆಟಗಳ ಹುಡುಗ ಹುಡುಗಿಯರ ಪಾಲಿಗೆ ನಿಜವಾಯಿತು. ವಾಲಿಬಾಲ್, ಸಾಫ್ಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ತಂಡಗಳು ವಾರದ ನಡುವೆಯೂ ಆಡಬೇಕು. ಸ್ಟ್ಯಾನ್‌ಫರ್ಡ್‌ನ ಹುಡುಗಿಯೊಬ್ಬಳು ಬಾಸ್ಟನ್‌ನಲ್ಲಿ ಆಡಿ, ಮೂರು ಗಂಟೆಯ ಕಾಲವ್ಯತ್ಯಾಸ ದಾಟಿ ನಡುರಾತ್ರಿ ಇಳಿದು, ಬೆಳಿಗ್ಗೆ ಪ್ರಯೋಗಾಲಯದಲ್ಲಿ ನಿಲ್ಲಬೇಕು. ಇವರೇನೂ ಹೆಸರಿಗೆ ಆಡುವವರಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಹಾಲಿ, ಹಳೆಯ ಮತ್ತು ಮುಂದೆ ಸೇರಲಿರುವ ವಿದ್ಯಾರ್ಥಿಗಳು ಗೆದ್ದ ಪದಕಗಳು 39. ಅಮೆರಿಕದ ಒಲಿಂಪಿಕ್ ಬಲ ತಯಾರಾಗುವುದೇ ಈ ಕ್ಯಾಂಪಸ್ಸುಗಳಲ್ಲಿ. ಟಿವಿ ಹಣದ ಓಟದಲ್ಲಿ ಇವರ ಅಭಿಪ್ರಾಯ ಕೇಳಿದವರು ಯಾರು? ಯುಸಿಎಲ್‌ಎ ಹೊರಟಾಗ ಅದರ ಮೇಲಿನ ಆಡಳಿತ ಮಂಡಳಿ, ಇದರಿಂದ ನಷ್ಟವಾದ ಸೋದರ ಸಂಸ್ಥೆ ಬರ್ಕ್ಲಿಗೆ ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕೆಂದು ಗೊತ್ತುಮಾಡಿತು. ಹಣದ ನಷ್ಟಕ್ಕೆ ಪರಿಹಾರ ಸಿಕ್ಕಿತು, ನಿದ್ದೆಗೂ ಪಾಠಕ್ಕೂ ಸಿಗಲಿಲ್ಲ.

ಬದಲಾವಣೆಯೆಲ್ಲ ಕೆಟ್ಟದ್ದೇ ಎಂದು ನಾನು ಹೇಳುವುದಿಲ್ಲ. 2011ರ ನಂತರ ನಿಂತುಹೋಗಿದ್ದ ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ತಂಡಗಳ ಹಳೆಯ ಪಂದ್ಯ 2024ರ ನವೆಂಬರ್ 30ರಂದು ಮತ್ತೆ ನಡೆದದ್ದು ಟೆಕ್ಸಸ್ ಎಸ್‌ಇಸಿ ಸೇರಿದ್ದರಿಂದಲೇ. ಆಟಗಾರರಿಗೂ ಕಡೆಗೆ ಪಾಲು ಸಿಕ್ಕಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಒಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ನೇರವಾಗಿ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಕೊಡಬಹುದು. ಬೆವರು ಸುರಿಸುವವರಿಗೆ ಪಾಲು ಸಲ್ಲಬೇಕಾದದ್ದೇ. ಆದರೆ ಅದರಿಂದ ಹಣದ ಅಗತ್ಯ ಇನ್ನೂ ಹೆಚ್ಚಿತು, ದೊಡ್ಡ ಒಕ್ಕೂಟದೊಳಗೆ ನುಗ್ಗುವ ಆತುರವೂ ಹೆಚ್ಚಿತು.

ಮಾಡಬಹುದಾದದ್ದು ಎರಡಿದೆ. ಫುಟ್‌ಬಾಲ್ ಒಂದನ್ನೇ ಬೇರೆ ಮಾಡಿ ದೇಶಕ್ಕೆಲ್ಲ ಒಟ್ಟಾಗಿ ಮಾರುವುದು, ಉಳಿದ ಆಟಗಳನ್ನು ನೆರೆಹೊರೆಯ ಹಳೆಯ ಒಕ್ಕೂಟಗಳಿಗೆ ಮರಳಿಸುವುದು. ಯುಸಿಎಲ್‌ಎ ತಂಡದ ತರಬೇತುದಾರರಾಗಿದ್ದಾಗಲೇ ಚಿಪ್ ಕೆಲ್ಲಿ 2023ರ ಡಿಸೆಂಬರ್‌ನಲ್ಲಿ ಇದನ್ನು ಬಹಿರಂಗವಾಗಿ ಹೇಳಿದ್ದರು. ಎರಡನೆಯದು ಕಾನೂನು. 1961ರ ವಿನಾಯಿತಿಯನ್ನು ಕಾಲೇಜುಗಳಿಗೂ ವಿಸ್ತರಿಸುವ ಮಸೂದೆಯನ್ನು 2025ರಲ್ಲಿ ಸೆನೆಟರ್ ಮರಿಯಾ ಕ್ಯಾಂಟ್‌ವೆಲ್ ಮಂಡಿಸಿದರು. ಪುಲ್ಮನ್ ಇರುವ ರಾಜ್ಯದ ಪ್ರತಿನಿಧಿ ಅವರು. ದೊಡ್ಡ ಒಕ್ಕೂಟಗಳಿಗೆ ಇದು ರುಚಿಸುವುದಿಲ್ಲ. ಪ್ರಸಾರದಲ್ಲಿ ಸಾರ್ವಜನಿಕರಿಗೂ ಪಾಲಿದೆ ಎಂಬ ಮಾತು ನಮ್ಮ ದೇಶದಲ್ಲಿ ಹೊಸದಲ್ಲ. ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಎಂದು 1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು ಕ್ರಿಕೆಟ್ ಪ್ರಸಾರದ ಮೊಕದ್ದಮೆಯಲ್ಲೇ. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು 2007ರಲ್ಲಿ ಕಾನೂನೂ ಬಂತು. ಅಮೆರಿಕದ ಕಾಲೇಜು ಫುಟ್‌ಬಾಲ್‌ಗೆ ಅಂಥ ರಕ್ಷಣೆ ಇಲ್ಲ.

ಟಿವಿಯಿಂದ ಹಣ ಬಂದದ್ದು ತಪ್ಪಲ್ಲ. ಬಂದ ಹಣವನ್ನು ಹಂಚುವ ಹೊಣೆ ಯಾರಿಗೂ ಇಲ್ಲದಂತೆ ಬಿಟ್ಟದ್ದು ತಪ್ಪು. ಗ್ರೀನ್ ಬೇ ಬದುಕಿದ್ದು, ಪುಲ್ಮನ್ ಹೊರಗೆ ನಿಂತದ್ದು ಆ ಒಂದು ವ್ಯತ್ಯಾಸದಿಂದ. ಬಾಯ್ಸಿ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಕೊಲರಾಡೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್‌ಗಳನ್ನೂ, ಫುಟ್‌ಬಾಲ್ ಆಡದ ಗಾನ್‌ಜಾಗಾ ವಿಶ್ವವಿದ್ಯಾಲಯವನ್ನೂ ಜೊತೆಗೆ ಕರೆದುಕೊಂಡು ಪುಲ್ಮನ್ ಮತ್ತು ಕೊರ್ವಾಲಿಸ್ ತಮ್ಮ ಒಕ್ಕೂಟವನ್ನು ಮತ್ತೆ ಕಟ್ಟಿವೆ. ಹೊಸ ಸದಸ್ಯರ ಸೇರ್ಪಡೆಗೆ ಗೊತ್ತುಮಾಡಿದ ದಿನ 2026ರ ಜುಲೈ 1. ಹೆಸರು ಹಳೆಯದೇ, ಪ್ಯಾಕ್-12.